ಯಾವ ಬಂದರಿಗೂ ಬೇಡವಾದ ಮೂಟೆಗಳು

ಹಡಗಿನಲ್ಲಿ ಅವನನ್ನು ಎಲ್ಲರೂ ಸೌಟಣ್ಣ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಯಾರಿಗಾದರೂ ನೆನಪಾಗುತ್ತಿತ್ತು. ಸಿಮೆಂಟು, ಮರ, ಗೊಬ್ಬರ ಹೊರುವ ಸಣ್ಣ ಸರಕು ಹಡಗು ಅದು. ಅದರ ಅಡುಗೆಮನೆಯಲ್ಲಿ ಎರಡು ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತಿತ್ತು. ಅಲೆ ಎದ್ದಾಗ ಪಾತ್ರೆ ಜಾರದಂತೆ ಒಲೆಯ ಸುತ್ತ ಕಬ್ಬಿಣದ ಪಟ್ಟಿ ಬಡಿದಿದ್ದರು. ಅಲ್ಲೇ ನಿಂತು ಅವನು ಅರ್ಧ ಆಯುಷ್ಯ ಕಳೆದಿದ್ದ.

ಆ ಹಡಗು ಓಡಾಡುತ್ತಿದ್ದದ್ದು ಮಹಾಸಾಗರದಲ್ಲೇನಲ್ಲ. ಸುತ್ತ ಐದಾರು ದೇಶಗಳ ದಡ, ಹೊರಗೆ ಹೋಗಲು ಒಂದೇ ಇಕ್ಕಟ್ಟಾದ ದಾರಿ. ನಾಲ್ಕು ಮನೆಯವರು ಒಂದೇ ಬಾವಿಯಲ್ಲಿ ನೀರು ಸೇದುವ ಹಾಗೆ ಎಲ್ಲರೂ ಆ ನೀರನ್ನೇ ನಂಬಿದ್ದರು. ಒಂದು ದಡದಲ್ಲಿ ಬಿಟ್ಟದ್ದು ಸುತ್ತಿ ಬಳಸಿ ಇನ್ನೊಂದು ದಡಕ್ಕೆ ಹತ್ತುತ್ತಿತ್ತು. ಇದು ಸೌಟಣ್ಣನಿಗೆ ಗೊತ್ತಿರಲಿಲ್ಲ ಎಂದಲ್ಲ, ತಲೆಗೆ ಹಚ್ಚಿಕೊಂಡಿರಲಿಲ್ಲ. ಊಟ ಮುಗಿದ ಮೇಲೆ ಬಕೆಟ್ಟು ಹಿಡಿದು ಹಡಗಿನ ಹಿಂಬದಿಗೆ ಹೋಗಿ ಸಿಪ್ಪೆ, ತಗಡಿನ ಡಬ್ಬಿ, ಎಣ್ಣೆ ಕ್ಯಾನು, ಈರುಳ್ಳಿ ಚೀಲ ಎಲ್ಲವನ್ನೂ ಸುರಿದು ಬರುತ್ತಿದ್ದ.

"ಇದರ ಹೊಟ್ಟೆ ದೊಡ್ಡದು ಕಣ್ರೋ. ನನ್ನ ಅಡುಗೇನೇ ಅರಗಿಸ್ಕೊಂಡಿದೆ, ಈ ಚೀಲ ಯಾವ ಲೆಕ್ಕ?" ಎಂದು ತನ್ನನ್ನೂ ಸೇರಿಸಿ ನಗುತ್ತಿದ್ದ.

ಒಮ್ಮೆ ರಜೆಯಲ್ಲಿ ಅಕ್ಕನ ಮನೆಗೆ ಹೋದ. ಭಾವ ಮೀನುಗಾರ, ಸಣ್ಣ ಮೋಟಾರು ದೋಣಿ ಇಟ್ಟುಕೊಂಡಿದ್ದವರು. "ದೊಡ್ಡ ಹಡಗಿನವನಿಗೆ ನಮ್ಮ ದೋಣಿ ಹಿಡಿಸುತ್ತೋ ಇಲ್ವೋ" ಎಂದು ಕೆಣಕುತ್ತಲೇ ಅವನನ್ನೂ ಬೆಳಿಗ್ಗೆ ಜೊತೆಗೆ ಕರೆದೊಯ್ದರು. ದಡ ಗೆರೆಯಷ್ಟು ಸಣ್ಣದಾಗುವ ಹೊತ್ತಿಗೆ ಮೋಟಾರು ಕೆಮ್ಮಿ ನಿಂತಿತು. ಬಗ್ಗಿ ನೋಡಿದರೆ, ನೀರಿನೊಳಗೆ ತಿರುಗುವ ರೆಕ್ಕೆಗೆ ಕಿತ್ತಳೆ ಬಣ್ಣದ ಜಾಳಿಗೆ ಚೀಲವೊಂದು ಹಗ್ಗದಂತೆ ಹೊಸೆದುಕೊಂಡಿತ್ತು.

"ಇದು ದಿನಾ ಇದ್ದದ್ದೇ" ಎಂದು ಭಾವ ಚಾಕು ಹಿಡಿದು, ದೋಣಿಯ ಅಂಚಿಗೆ ಹೊಟ್ಟೆ ಆನಿಸಿ ಕೈ ಇಳಿಬಿಟ್ಟರು. ಚೀಲ ಅರ್ಧ ಕತ್ತರಿಸಿದ್ದರೋ ಇಲ್ಲವೋ, ಎಲ್ಲಿಂದಲೋ ಬಂದ ತೆರೆಯೊಂದು ದೋಣಿಯನ್ನು ಎತ್ತಿ ಕುಕ್ಕಿತು. ಅವರ ಕೈ ರೆಕ್ಕೆಗೂ ಹಲಗೆಗೂ ನಡುವೆ ಸಿಕ್ಕಿತು. ಸೌಟಣ್ಣ ಅವರ ಸೊಂಟ ತಬ್ಬಿ ಒಳಗೆಳೆದುಕೊಂಡ, ತನ್ನ ಅಂಗಿ ಹರಿದು ಕೈಗೆ ಬಿಗಿದ, ಆಮೇಲೆ ಗಂಟಲು ಹರಿಯುವಂತೆ ಕೂಗಿದ. ದೂರದ ದೋಣಿಯವರು ಬಂದು ಇವರ ದೋಣಿಯನ್ನು ದಡಕ್ಕೆ ಎಳೆದು ತಂದರು.

ಕೈ ಉಳಿಯಿತು. ಎರಡು ಬೆರಳು ಮಾತ್ರ ಮತ್ತೆ ಮಡಚಲು ಬರಲಿಲ್ಲ.

ಆಸ್ಪತ್ರೆಯ ಮಂಚದ ಪಕ್ಕ ಕೂತ ಸೌಟಣ್ಣನಿಗೆ ಆ ಕಿತ್ತಳೆ ಚೀಲವೇ ಕಣ್ಣಿಗೆ ಕಟ್ಟಿತ್ತು. ಅಂಥದ್ದೇ ಈರುಳ್ಳಿ ಚೀಲವನ್ನು ವಾರಕ್ಕೊಂದರಂತೆ ತಾನೇ ಎಸೆದಿದ್ದ. "ಭಾವ, ಅದು ನಂದೇ ಇರಬಹುದು" ಎಂದ.

"ನಿಂದೂ ಇರಬಹುದು, ಇನ್ನೊಬ್ಬಂದೂ ಇರಬಹುದು" ಎಂದರು ಭಾವ. "ನೀರಲ್ಲಿ ಸಿಕ್ಕ ಚೀಲಕ್ಕೆ ಅಪ್ಪ ಯಾರು, ಅಮ್ಮ ಯಾರು? ನಾನೇನು ಸಾಚಾನಾ? ಹರಿದ ಬಲೆ ಎಷ್ಟು ಬಿಟ್ಟು ಬಂದಿದ್ದೀನೋ."

ಅಕ್ಕ ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದಳು. "ಇಬ್ಬರೂ ಸೇರಿ ಸಮುದ್ರಾನ ತಿಪ್ಪೆ ಮಾಡಿದ್ರಿ. ಈಗ ತುತ್ತು ಮಾಡಿ ತಿನ್ನಿಸೋ ಕರ್ಮ ನಂದು" ಎಂದಳು. ಮೂವರೂ ನಕ್ಕರು. ಆದರೆ ಹಡಗಿಗೆ ಮರಳಿದ ಸೌಟಣ್ಣನಿಗೆ ಬಕೆಟ್ಟು ಎತ್ತಿದಾಗೆಲ್ಲ ಕೈ ತಡೆಯುತ್ತಿತ್ತು.

ಅದೇ ವರ್ಷ ಸುತ್ತಲ ದೇಶಗಳೆಲ್ಲ ಒಟ್ಟಿಗೆ ಕೂತು ಒಂದು ನಿಯಮ ಮಾಡಿದವು. ಪ್ಲಾಸ್ಟಿಕ್ಕು, ತಗಡು, ಗಾಜು, ಹಗ್ಗ ಯಾವುದನ್ನೂ ಈ ಸಮುದ್ರಕ್ಕೆ ಎಸೆಯುವ ಹಾಗಿಲ್ಲ. ಹಡಗಿನಲ್ಲೇ ಇಟ್ಟುಕೊಂಡು ಬಂದರಿನಲ್ಲಿ ಇಳಿಸಬೇಕು. ಕ್ಯಾಪ್ಟನ್ ಇದನ್ನು ಊಟದ ಮನೆಯಲ್ಲಿ ಓದಿ ಹೇಳಿದಾಗ ಹಡಗಿನ ಕೆಲಸದ ಹುಡುಗರೆಲ್ಲ ಮೂಗು ಮುರಿದರು. ಸೌಟಣ್ಣ ಮಾತ್ರ ಅಂದಿನಿಂದಲೇ ಕಸವನ್ನು ಮೂಟೆ ಕಟ್ಟತೊಡಗಿದ.

ಮೊದಲ ಬಂದರಿನ ಕಾವಲುಗಾರ ಮೂಟೆಗಳನ್ನು ನೋಡಿ, "ನಿಯಮ ಬಂದಿದೆ, ಕಸದ ಲಾರಿ ಬಂದಿಲ್ಲ. ಮುಂದಿನ ಬಂದರಲ್ಲಿ ಕೇಳಿ" ಎಂದ. ಮುಂದಿನ ಬಂದರು ಬೇರೆ ದೇಶದ್ದು. ಅಲ್ಲಿ ಸುಂಕದವನು ಹುಬ್ಬು ಗಂಟಿಕ್ಕಿದ. "ಹೊರದೇಶದ ವಸ್ತು, ಇಳಿಸೋ ಹಾಗಿಲ್ಲ."

"ಸ್ವಾಮಿ, ಇದು ವಸ್ತು ಅಲ್ಲ, ಕಸ" ಎಂದ ಸೌಟಣ್ಣ.

"ಕಸ ಆದ್ರೂ ಹೊರದೇಶದ್ದೇ ತಾನೇ?"

"ಕಸಕ್ಕೂ ಪಾಸ್‌ಪೋರ್ಟ್ ಮಾಡಿಸಬೇಕಾಗಿತ್ತು ಅಂತ ಗೊತ್ತಿರಲಿಲ್ಲ ಬಿಡಿ" ಎಂದು ಮೂಟೆಗಳನ್ನು ಮತ್ತೆ ಹೊತ್ತು ತಂದ.

ಬಿಸಿಲು ಏರಿದಂತೆ ಹಾಲಿನ ಪ್ಯಾಕೆಟ್ಟು, ಮೀನು ಸುತ್ತಿದ ಹಾಳೆಗಳು ನಾರತೊಡಗಿದವು. ಹುಡುಗರು ಮೂಗಿಗೆ ಬಟ್ಟೆ ಕಟ್ಟಿ ಊಟಕ್ಕೆ ಬಂದರು. ಕೊನೆಗೆ ಕ್ಯಾಪ್ಟನ್ನೇ ಅಡುಗೆಮನೆಯ ಬಾಗಿಲಿಗೆ ಬಂದರು. ಕೆಟ್ಟ ಮನುಷ್ಯರಲ್ಲ, ಸಾಕಾಗಿಹೋಗಿತ್ತು ಅಷ್ಟೆ.

"ಸೌಟಣ್ಣ, ನಿಯಮ ಮಾಡಿದವರು ಈ ವಾಸನೆ ಕುಡೀತಿಲ್ಲ. ಎಸೆದುಬಿಡು. ನಾನು ನೋಡಿಲ್ಲ ಅಂದ್ಕೊ."

ಸೌಟಣ್ಣ ಸೌಟನ್ನು ಪಾತ್ರೆಯೊಳಗೆ ಬಿಟ್ಟು ತಿರುಗಿದ. ಅವನು ಮೇಲಿನವರಿಗೆ ಎದುರಾಡಿದವನಲ್ಲ. ಈಗಲೂ ದನಿ ಏರಲಿಲ್ಲ. "ಸಾರ್, ನೀವು ನೋಡದೆ ಇರಬಹುದು. ನಮ್ಮ ಭಾವ ಅನ್ನ ಕಲಸೋವಾಗ ಆ ಕೈ ನಾನು ನೋಡಬೇಕಲ್ಲ. ಮೂಟೆ ನನ್ನ ಕೋಣೆಯಲ್ಲೇ ಇಟ್ಕೋತೀನಿ. ಅದೂ ಬೇಡ ಅಂದ್ರೆ ಮುಂದಿನ ಬಂದರಲ್ಲಿ ಮೂಟೆಗಳ ಜೊತೆ ನನ್ನನ್ನೂ ಇಳಿಸಿಬಿಡಿ."

ಕ್ಯಾಪ್ಟನ್ ಅವನ ಮುಖವನ್ನೇ ನೋಡಿದರು. "ನಿನ್ನ ಇಳಿಸಿದ್ರೆ ಅನ್ನ ಬೇಯಿಸೋರು ಯಾರು?" ಎಂದು ಗೊಣಗಿ ಹೊರಟುಹೋದರು. ಸೌಟಣ್ಣ ಮೂಟೆಗಳನ್ನು ತನ್ನ ಕೋಣೆಗೆ ಸಾಗಿಸಿ, ತಾನು ಬಾಗಿಲ ಹೊರಗೆ ಚಾಪೆ ಹಾಸಿಕೊಂಡ.

ಮೂರನೆಯ ಬಂದರಿನಲ್ಲಿ ತಪಾಸಣೆಗೆ ಬಂದವಳು ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿ. ಅವಳೂ ಮೊದಲು ಅದನ್ನೇ ಹೇಳಿದಳು: ತೆಗೆದುಕೊಳ್ಳಲು ಅಪ್ಪಣೆಯಿಲ್ಲ, ಇಡಲು ಜಾಗವಿಲ್ಲ. ಸೌಟಣ್ಣ ವಾದಕ್ಕೆ ಇಳಿಯಲಿಲ್ಲ. "ಒಂದು ಸಲ ಬಂದು ನೋಡಮ್ಮ" ಎಂದು ತನ್ನ ಕೋಣೆಯ ಬಾಗಿಲು ತೆರೆದ. ಅವಳು ಒಂದು ಹೆಜ್ಜೆ ಇಟ್ಟವಳೇ ಸೆರಗು ಮೂಗಿಗೆ ಒತ್ತಿ ಹಿಂದೆ ಸರಿದಳು. ಮಂಚದ ಮೇಲೂ ಮೂಟೆ, ಕೆಳಗೂ ಮೂಟೆ.

"ಅಣ್ಣಾ, ನೀವು ಮಲಗೋದೆಲ್ಲಿ?"

ಅವನು ಚಾಪೆ ತೋರಿಸಿದ.

"ಎಲ್ಲರೂ ಎಸೀತಾರೆ. ನೀವ್ಯಾಕೆ ಎಸೀಲಿಲ್ಲ?"

ಅವನು ಭಾವನ ಕೈಯ ಕಥೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಂದರಿನ ಖಾಲಿ ಗೋದಾಮೊಂದರ ಬೀಗ ತೆಗೆಸಿ ಮೂಟೆಗಳನ್ನೆಲ್ಲ ಅಲ್ಲಿ ಇಳಿಸಿಕೊಂಡಳು. ಅದಕ್ಕಾಗಿ ಮೇಲಧಿಕಾರಿಯಿಂದ ಚೆನ್ನಾಗಿ ಬೈಸಿಕೊಂಡಳು ಎಂದು ಮುಂದಿನ ಸಲ ಹೋದಾಗ ತಿಳಿಯಿತು. "ದೇಶ ದೇಶಗಳ ಬಂದರಿನವರು ಸೇರೋ ಸಭೆ ಇದೆ ಅಣ್ಣಾ. ಅಲ್ಲಿ ನಿಮ್ಮ ಮಂಚದ ವಿಷಯ ಹೇಳ್ತೀನಿ" ಎಂದಳು. "ಹೇಳಮ್ಮ. ಗೊರಕೆ ವಿಷಯ ಮಾತ್ರ ಬೇಡ" ಎಂದ ಸೌಟಣ್ಣ.

ಒಬ್ಬ ಅಡುಗೆಯವನ ಮಂಚದಿಂದಲೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಅಂಥ ದೂರುಗಳು ಎಷ್ಟೋ ಹಡಗುಗಳಿಂದ ಬಂದಿದ್ದವು. ಕೆಲವು ವರ್ಷ ಜಗ್ಗಾಡಿದ ಮೇಲೆ ನಿಯಮಕ್ಕೆ ಇನ್ನೊಂದು ಸಾಲು ಸೇರಿತು: ಯಾವ ದೇಶದ ಹಡಗೇ ಬರಲಿ, ಬಂದರು ಅದರ ಕಸವನ್ನು ಬೇರೆ ಶುಲ್ಕ ಕೇಳದೆ ತೆಗೆದುಕೊಳ್ಳಬೇಕು. ಸೌಟಣ್ಣನ ಮಂಚ ಮತ್ತೆ ಅವನದಾಯಿತು. ಆದರೂ ಕದ್ದು ಎಸೆಯುವವರು ಇದ್ದೇ ಇದ್ದರು, ಈಗಲೂ ಇದ್ದಾರೆ. ಭಾವ ಮಾತ್ರ ಬಲೆಗೆ ಬಿದ್ದ ಹಗ್ಗ, ಚೀಲಗಳನ್ನು ಈಗ ಮೀನಿನ ಜೊತೆಗೇ ದಡಕ್ಕೆ ತರುತ್ತಾರೆ.

ಹಡಗು ಬಿಟ್ಟ ಮೇಲೆ ಸೌಟಣ್ಣ ತನ್ನೂರ ಬಂದರಿನಲ್ಲೇ ಕಸ ಇಳಿಸಿಕೊಳ್ಳುವ ಶೆಡ್ಡಿನ ಕೆಲಸಕ್ಕೆ ಸೇರಿದ. ಹೆಂಡತಿ ಹಣೆ ಚಚ್ಚಿಕೊಂಡಳು. "ಅಷ್ಟು ವರ್ಷ ಅನ್ನ ಬಡಿಸಿ, ಈಗ ಎಂಜಲು ಎತ್ತೋಕೆ ಹೋಗ್ತೀರಾ?"

"ಬಡಿಸಿದವನೇ ಎತ್ತಬೇಕಲ್ಲೇ" ಎಂದು ಅವನು ಚಪ್ಪಲಿ ಮೆಟ್ಟಿದ.

ಮೊನ್ನೆ ದೂರದ ದಡದ ಹಡಗೊಂದು ಬಂತು. ಅದರ ಅಡುಗೆಯವನು ಮೂಟೆಗಳನ್ನು ತಂದಿಟ್ಟ. ಇವನ ಭಾಷೆ ಅವನಿಗೆ ಬಾರದು, ಅವನದು ಇವನಿಗೆ. ಒಂದು ಮೂಟೆಯ ಬಾಯಿ ಬಿಗಿಯುವಾಗ ಸೌಟಣ್ಣ ಮೂಸಿ, ಪಾತ್ರೆ ತಳ ಕೆರೆಯುವಂತೆ ಕೈ ಆಡಿಸಿ, "ನಿನ್ನೆ ಸೀಯಿಸಿಬಿಟ್ಯಾ?" ಎಂದ. ಆತ ಕಣ್ಣರಳಿಸಿದ. ಆಮೇಲೆ ಹಡಗಿನ ಮೇಲೆ ನಿಂತಿದ್ದ ತನ್ನ ಕ್ಯಾಪ್ಟನ್‌ನತ್ತ ಓರೆಗಣ್ಣಲ್ಲಿ ನೋಡಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ನಕ್ಕ.