ರಾಮದುರ್ಗದ ಖಾನಾವಳಿಯ ಹಿಂಬಾಗಿಲು

ನಾನು ಮಾಂಸ ತಿನ್ನುವುದಿಲ್ಲ ಎಂದರೆ ಬಹಳ ಜನ ನಂಬುತ್ತಿರಲಿಲ್ಲ. ನಮ್ಮದು ಬೌದ್ಧ ಮನೆತನ. ಅಜ್ಜನ ಕಾಲದಲ್ಲಿ ಊರ ಹೊರಗಿನ ಕೇರಿಯಲ್ಲಿದ್ದವರು. ಅಪ್ಪ ಅವ್ವ ದೀಕ್ಷೆ ತೆಗೆದುಕೊಂಡು ಬಂದ ದಿನ, ಮಾಂಸ ಬೇಯಿಸುತ್ತಿದ್ದ ಗಡಿಗೆಯನ್ನು ಅವ್ವ ಹಿತ್ತಲಲ್ಲಿ ಒಡೆದುಹಾಕಿದಳಂತೆ. ನಾನಾಗ ತೊಟ್ಟಿಲ ಕೂಸು. ಹೀಗಾಗಿ ನನಗೆ ಅದರ ರುಚಿಯೇ ಗೊತ್ತಾಗಲಿಲ್ಲ, ವಾಸನೆ ಬಂದರೆ ಅಲ್ಲಿಂದ ಎದ್ದು ಹೋಗುತ್ತೇನೆ. ನಮ್ಮ ಬೀಗರೇ ನನ್ನನ್ನು ಅಯ್ಯನೋರೆಂದು ಚೇಷ್ಟೆ ಮಾಡುತ್ತಿದ್ದರು. ಹೊರಗಿನವರು ನಗುತ್ತಿರಲಿಲ್ಲ. ನನ್ನ ಮನೆತನ ಗೊತ್ತಾದ ಮೇಲೆ, ನಾನೇನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡುತ್ತಿದ್ದರು.

ತೊಂಬತ್ತರ ದಶಕದ ನಡುವೆ ನನಗೆ ಸರಕಾರಿ ದವಾಖಾನೆಯಲ್ಲಿ ಕಣ್ಣು ತಪಾಸಣೆ ಮಾಡುವ ನೌಕರಿ ಸಿಕ್ಕಿತು. ಬೈಲಹೊಂಗಲದಲ್ಲಿ ಒಂದು ಖೋಲಿ ಹಿಡಿದೆ. ವಾರದಲ್ಲಿ ಒಂದು ದಿನ ಕಿತ್ತೂರು, ಒಂದು ದಿನ ಸವದತ್ತಿ, ಒಂದು ದಿನ ರಾಮದುರ್ಗ, ಉಳಿದ ದಿನ ಬೈಲಹೊಂಗಲ. ಜೊತೆಯವರೆಲ್ಲ ಮೋಟಾರ್ ಸೈಕಲ್ ಕೊಂಡರು. ನಾನು ಕೊಳ್ಳಲಿಲ್ಲ. ಮಂದಿಯ ಕಣ್ಣು ನೋಡುವ ನನಗೆ ಚಿಕ್ಕಂದಿನಿಂದಲೂ ಎಡಗಣ್ಣು ಮಂದ. ಎದುರಿಗೆ ಬರುವ ಲಾರಿ ಎಷ್ಟು ದೂರದಲ್ಲಿದೆ ಎಂಬುದು ನನಗೆ ನಿಖರವಾಗಿ ತಿಳಿಯುವುದಿಲ್ಲ. ಹಾಗಾಗಿ ಬಸ್ಸು, ಬಸ್ಸು ತಪ್ಪಿದರೆ ಟೆಂಪೋ, ಅದೂ ಇಲ್ಲದಿದ್ದರೆ ಕಾಲು. ಲೆನ್ಸಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂರುತ್ತಿದ್ದೆ. ಮುನವಳ್ಳಿ ದಾಟುವ ಹೊತ್ತಿಗೆಲ್ಲ ಇಂದು ಮಧ್ಯಾಹ್ನ ಎಲ್ಲಿ ಉಣ್ಣಲಿ ಎಂಬ ಚಿಂತೆ ಸುರುವಾಗುತ್ತಿತ್ತು.

ಕಿತ್ತೂರಿನಲ್ಲಿ ನಾನು ಬಸ್ಸು ಇಳಿಯುತ್ತಿದ್ದುದು ಹೆದ್ದಾರಿಯ ಬದಿಗೆ. ಅಲ್ಲಿಯ ಹೋಟೆಲುಗಳ ಬೋರ್ಡಿನ ಮೇಲೆ ಎರಡೂ ಬಗೆಯ ಊಟವೆಂದು ಬರೆದಿರುತ್ತಿತ್ತು. ಒಂದು ದಿನ ಹಸಿವು ತಾಳಲಾರದೆ ಅಂಥದೊಂದರಲ್ಲಿ ಕುಳಿತು ಬರೀ ಬೇಳೆ, ಅನ್ನ ಹೇಳಿದೆ. ಅಡಿಗೆಯವನು ಪಕ್ಕದ ಮಾಂಸದ ಪಾತೇಲಿಯಲ್ಲಿ ಆಡಿಸುತ್ತಿದ್ದ ಸೌಟನ್ನೇ ಕೊಡವಿ ನನ್ನ ಬೇಳೆಗೆ ಇಳಿಸಿದ. ಎದ್ದು ಬಂದೆ. ಆಮೇಲೆ ಕಿತ್ತೂರಿಗೆ ಹೋಗುವಾಗ ಬುತ್ತಿ ಕಟ್ಟಿಕೊಂಡೇ ಹೋದೆ.

ಸವದತ್ತಿಯದು ಬೇರೆ ತೊಂದರೆ. ಅಲ್ಲಿ ಶುದ್ಧ ಶಾಕಾಹಾರಿ ಖಾನಾವಳಿ ಬೇಕಾದಷ್ಟಿದ್ದವು, ಗುಡ್ಡದ ದೇವಿಯ ದರ್ಶನಕ್ಕೆ ಬರುವ ಜನಕ್ಕಾಗಿ. ಆದರೆ ಒಂದು ಖಾನಾವಳಿಯ ಮಾಲಕ ಹಣೆಗೆ ವಿಭೂತಿ ಹಚ್ಚಿಕೊಂಡು ಹಣದ ಗಲ್ಲಾದ ಮುಂದೆ ಕುಳಿತು, ಹೊಸ ಮುಖ ಕಂಡರೆ ಸಾಕು, ಕೇಳುತ್ತಿದ್ದ.

“ಯಾವ ಊರ್ರಿ?”

“ಬೈಲಹೊಂಗಲ.”

“ಮೂಲ ಯಾವದ್ರಿ?”

ಮೂಲ ಊರು ಹೇಳಿದರೆ ಮುಂದಿನ ಪ್ರಶ್ನೆ ಯಾವ ಓಣಿ ಎಂಬುದು. ಓಣಿಯಾದ ಮೇಲೆ ಯಾರ ಪೈಕಿ. ನಾನು ಕೆಮ್ಮಿ, ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದೆ. ಅಲ್ಲಿ ನನಗೆ ಅನ್ನದ ಮೇಲೆ ಸಂಶಯವಿರಲಿಲ್ಲ, ಅನ್ನ ಹಾಕುವವನಿಗೆ ನನ್ನ ಮೇಲಿತ್ತು. ಅಷ್ಟು ಸಂಶಯದ ನಡುವೆ ತುತ್ತು ಇಳಿಯುವುದು ಕಷ್ಟ.

ರಾಮದುರ್ಗದಲ್ಲಿ ಮಾತ್ರ ನನಗೆ ಒಂದು ಜಾಗ ಸಿಕ್ಕಿತು. ಬಸ್ ನಿಲ್ದಾಣದಿಂದ ದವಾಖಾನೆಗೆ ಹೋಗುವ ಅಡ್ಡ ಓಣಿಯಲ್ಲಿ ಒಂದು ಹಳೆಯ ಮನೆ. ಬೋರ್ಡು ಇಲ್ಲ. ರೊಟ್ಟಿ ಬಡಿಯುವ ಸಪ್ಪಳವೇ ಬೋರ್ಡು. ಪಡಸಾಲೆಯಲ್ಲಿ ಕೆಲವು ಮಣೆ, ಕೆಲವು ಬೆಂಚು. ನಡೆಸುತ್ತಿದ್ದವಳು ನಲವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಲಿಂಗ, ತಲೆಯ ಮೇಲೆ ಸೆರಗು. ಎಲ್ಲರೂ ಅಕ್ಕಾರ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆ ಊರು ಕೇಳಲಿಲ್ಲ, ಓಣಿ ಕೇಳಲಿಲ್ಲ. “ಬಿಸಿ ರೊಟ್ಟಿ ತಗೋತೀರೋ, ಕಟಕ ರೊಟ್ಟಿ ಕೊಡ್ಲೋ?” ಎಂದಷ್ಟೇ ಕೇಳಿದಳು. ಎಣ್ಣೆಗಾಯಿ, ಮಡಿಕೆಕಾಳು, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅವ್ವನ ಕೈಯ ಊಟದ ನೆನಪಾಗುವಷ್ಟು ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದುದರಿಂದಲೇ ನನಗೆ ಒಳಗೊಳಗೇ ಅಳುಕು. ಇಷ್ಟು ಸುಲಭವಾಗಿ ಯಾವುದೂ ನನಗೆ ಸಿಕ್ಕಿರಲಿಲ್ಲ.

ಒಂದೆರಡು ತಿಂಗಳಾದ ಮೇಲೆ ದವಾಖಾನೆಯ ಕಂಪೌಂಡರ್ ನನ್ನನ್ನು ಬದಿಗೆ ಕರೆದ. ಔಷಧ ಕಟ್ಟಿಕೊಡುವ ಕಿಂಡಿಯ ಹಿಂದೆ ಕುಳಿತು ಊರ ಸುದ್ದಿಯೆಲ್ಲ ಹೇಳುವ ಮನುಷ್ಯ.

“ಸರ್, ನೀವು ಆ ಓಣ್ಯಾನ ಖಾನಾವಳಿಗೆ ಹೊಕ್ಕೀರಂತಲ್ಲ?”

“ಹೌದು. ಯಾಕ್ರಿ?”

“ಏನಿಲ್ಲ ಬಿಡ್ರಿ. ನೀವು ತಿನ್ನಂಗಿಲ್ಲ ಅಂತ ಹೇಳಿದ್ರಲ್ಲ, ಅದಕ್ಕ ಅಂದೆ. ಅಲ್ಲಿ ಹಿತ್ತಲದಾಗ ಬ್ಯಾರೇ ಅಡಿಗಿ ನಡದೈತಿ ಅಂತಾರ. ಯಾವ ಸೌಟು ಯಾವದಕ್ಕ ಅದ್ದತಾರೋ ಯಾರು ಕಂಡಾರ?”

ಬಸ್ ನಿಲ್ದಾಣದ ಎದುರಿನ ಖಾನಾವಳಿ ಕಂಪೌಂಡರನ ಭಾವನದು ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಅವನ ಮಾತನ್ನು ಪೂರ್ತಿ ನಂಬಲಿಲ್ಲ. ಪೂರ್ತಿ ಬಿಡಲೂ ಆಗಲಿಲ್ಲ. ಮುಂದಿನ ವಾರ ಉಣ್ಣಲು ಕುಳಿತಾಗ ನನಗೆ ಅದುವರೆಗೆ ಕಾಣದಿದ್ದುದೆಲ್ಲ ಕಾಣತೊಡಗಿತು. ಪಡಸಾಲೆಯಿಂದ ಅಡಿಗೆಮನೆಗೆ ಒಂದು ಬಾಗಿಲು, ಅಡಿಗೆಮನೆಯಿಂದ ಹಿತ್ತಲಿಗೆ ಇನ್ನೊಂದು. ಆ ಹಿಂಬಾಗಿಲು ಸದಾ ಮುಚ್ಚಿರುತ್ತಿತ್ತು. ಆಕೆ ಹಿತ್ತಲಿಗೆ ಹೋಗುವಾಗ ಸುತ್ತ ಒಮ್ಮೆ ನೋಡಿ, ಬಾಗಿಲು ಸ್ವಲ್ಪವೇ ತೆರೆದು, ತಾನು ನುಸುಳಿ, ತಕ್ಷಣ ಎಳೆದುಕೊಳ್ಳುತ್ತಿದ್ದಳು. ಒಮ್ಮೆ ಆಚೆಯಿಂದ ಗಂಡಸಿನ ಕೆಮ್ಮು ಕೇಳಿತು. ಆಕೆಯ ಕೊರಳಲ್ಲಿ ತಾಳಿ ಇತ್ತು, ಗಂಡನನ್ನು ಮಾತ್ರ ಇತ್ತೀಚೆಗೆ ಯಾರೂ ನೋಡಿರಲಿಲ್ಲ.

ನಾನು ಸಾರನ್ನು ಮೂಗಿನ ಹತ್ತಿರ ತಂದು ಮೂಸಿದೆ. ನೀರಿನ ಗ್ಲಾಸನ್ನು ಬೆಳಕಿಗೆ ಹಿಡಿದು ಬಲಗಣ್ಣಿನಿಂದ ನೋಡಿದೆ. ಪಲ್ಯವನ್ನು ಬೆರಳಿನಿಂದ ಕೆದಕಿ ತಳ ನೋಡಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದುದು ನನ್ನ ಗಮನಕ್ಕೆ ಬಂತು. ಆ ದಿನದಿಂದ ನನಗೆ ಕೇಳದೆಯೇ ತುಪ್ಪ ಬೀಳತೊಡಗಿತು. ತಾಟನ್ನು ನನ್ನ ಮುಂದೆಯೇ ಮತ್ತೊಮ್ಮೆ ತೊಳೆದು ಇಡತೊಡಗಿದಳು. ಇದು ನನ್ನ ಸಂಶಯವನ್ನು ಇನ್ನೂ ಹೆಚ್ಚಿಸಿತು. ತಪ್ಪಿಲ್ಲದವರು ಇಷ್ಟು ಉಪಚಾರ ಯಾಕೆ ಮಾಡಬೇಕು?

ಬೇಸಿಗೆಯ ಒಂದು ಮಧ್ಯಾಹ್ನ ಬಸ್ಸು ನವಿಲುತೀರ್ಥದ ಹತ್ತಿರ ಕೆಟ್ಟು ನಿಂತು, ನಾನು ರಾಮದುರ್ಗ ಮುಟ್ಟುವಾಗ ಬಹಳ ತಡವಾಗಿತ್ತು. ದವಾಖಾನೆಯ ಕೆಲಸ ಮುಗಿಸಿ ಹೋದರೆ ಖಾನಾವಳಿಯಲ್ಲಿ ಯಾರೂ ಇರಲಿಲ್ಲ. ಪಡಸಾಲೆಯ ಕೊಡದಲ್ಲಿ ನೀರು ಮುಗಿದಿತ್ತು. “ಅಕ್ಕಾರ” ಎಂದು ಕೂಗಿದೆ. ಉತ್ತರವಿಲ್ಲ. ಕೈ ತೊಳೆಯಲೆಂದು ಅಡಿಗೆಮನೆ ದಾಟಿದೆ. ಹಿಂಬಾಗಿಲು ಅಂದು ತೆರೆದಿತ್ತು. ಹಿತ್ತಲ ಮೂಲೆಯಲ್ಲಿ ಮೂರು ಕಲ್ಲಿನ ಒಲೆ, ಮೇಲೊಂದು ಮಣ್ಣಿನ ಗಡಿಗೆ, ಪಕ್ಕದ ಬೂದಿಯಲ್ಲಿ ಕೋಳಿತತ್ತಿಯ ಸಿಪ್ಪೆ. ಆಕೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮುಖ ಅತ್ತ ತಿರುಗಿಸಿ, ಗಡಿಗೆಯಿಂದ ಬೆಂದ ತತ್ತಿ ತೆಗೆಯುತ್ತಿದ್ದಳು.

ನನ್ನನ್ನು ಕಂಡದ್ದೇ ಕೈಯಿಂದ ತತ್ತಿ ಜಾರಿ ಬಿತ್ತು.

“ಅಂತೂ ಹಿಡದ್ರಲ್ಲ ಸಾಹೇಬ್ರ,” ಎಂದಳು. “ನನಗ ಯಾವಾಗೋ ಗೊತ್ತಾಗಿತ್ತು. ನೀವು ಊಟಕ್ಕ ಬರಾವ್ರಲ್ಲ, ತಪಾಸ ಮಾಡಾಕ ಬರಾವ್ರು. ಸಾರು ಮೂಸತೀರಿ, ನೀರು ಬೆಳಕಿಗೆ ಹಿಡೀತೀರಿ. ಖಾನಾವಳಿ ಮುಚ್ಚಸಾಕ ಯಾರು ಕಳಸ್ಯಾರ ನಿಮ್ಮನ್ನ?”

“ಇಲ್ರಿ ಅಕ್ಕಾರ, ನಾ ಅಂಥಾವಲ್ಲ. ದವಾಖಾನ್ಯಾಗ ಕಣ್ಣು ನೋಡತೇನಿ. ನಾ ಮಾಂಸ, ತತ್ತಿ ತಿನ್ನಂಗಿಲ್ಲ. ಇಲ್ಲಿ ಅದನ್ನ ಮಾಡತಾರ ಅಂತ ಯಾರೋ ಹೇಳಿದ್ರು, ಅದಕ್ಕ ನೋಡತಿದ್ದೆ.”

“ಯಾರು ಹೇಳಿದ್ರು?”

ಕಂಪೌಂಡರನ ಹೆಸರು ನಾನು ಹೇಳಲಿಲ್ಲ. ಆಕೆಗೆ ಹೇಳುವ ಅಗತ್ಯವೂ ಇರಲಿಲ್ಲ, ಮುಖ ನೋಡಿದರೆ ಗೊತ್ತಾದಂತಿತ್ತು. ಅಷ್ಟರಲ್ಲಿ ಹಿತ್ತಲ ಕೋಣೆಯಿಂದ ಅದೇ ಕೆಮ್ಮು ಕೇಳಿಸಿತು. ದವಾಖಾನೆಯಲ್ಲಿ ದಿನವೂ ಆ ಕೆಮ್ಮು ಕೇಳುವವನು ನಾನು. ಸಾದಾ ನೆಗಡಿಯದಲ್ಲ ಎಂದು ತಿಳಿಯಿತು.

“ಯಜಮಾನ್ರು?”

ಆಕೆ ತಲೆಯಾಡಿಸಿ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಗಂಡನಿಗೆ ಕ್ಷಯ. ಧಾರವಾಡದ ಡಾಕ್ಟರು ಗುಳಿಗೆ ಕೊಟ್ಟು, ಮೈಯಲ್ಲಿ ಶಕ್ತಿಯಿಲ್ಲ, ದಿನಾ ತತ್ತಿ ತಿನ್ನಿಸಬೇಕು ಎಂದಿದ್ದರು. ಹುಟ್ಟಿದಾಗಿನಿಂದ ಮುಟ್ಟದ ಪದಾರ್ಥವನ್ನು ಆಕೆ ಸೆರಗಿನಲ್ಲಿ ಮುಚ್ಚಿ ತಂದು, ಬೇರೆ ಒಲೆ, ಬೇರೆ ಗಡಿಗೆ ಹೂಡಿದ್ದಳು. ಮುಗಿದ ಮೇಲೆ ಸ್ನಾನ ಮಾಡಿ ಅಡಿಗೆಮನೆಗೆ ಬರುತ್ತಿದ್ದಳು.

“ತತ್ತಿ ಸುದ್ದಿ ಹೊರಗ ಬಿದ್ರ ನಮ್ಮ ಮಂದಿ ಬರಂಗಿಲ್ಲ. ಬ್ಯಾನಿ ಸುದ್ದಿ ಬಿದ್ರ ಯಾರೂ ಬರಂಗಿಲ್ಲ. ಈಗ ಎರಡೂ ನಿಮ್ಮ ಕೈಯಾಗ ಅದಾವ,” ಎಂದಳು.

“ಗುಳಿಗಿ ಬಿಡದಂಗ ತಗೋಳಾಕತ್ತಾರೇನ್ರಿ?”

“ತಗೋತಾರ್ರಿ. ನಾ ಮುಂದ ನಿಂತು ನುಂಗಸತೇನಿ.”

“ಹಂಗಾದ್ರ ಅವರಿಂದ ಮಂದಿಗೆ ಹತ್ತತೈತಿ ಅನ್ನು ಭಯ ಕಡಿಮಿ ಆಗತೈತಿ. ಆರಾಮ ಆಗೋಮಟ ಅಡಿಗಿಮನಿ ಕಡೆ ಬರಬ್ಯಾಡ ಅನ್ರಿ. ನಾ ಯಾರ ಮುಂದೂ ಹೇಳಂಗಿಲ್ಲ.”

ಆಕೆ ನಂಬಿದಂತೆ ಕಾಣಲಿಲ್ಲ. ಆಮೇಲೆ, ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಬಂತು.

“ನೀವು ಯಾವ ಮಂದಿರಿ?”

ಸವದತ್ತಿಯಲ್ಲಿ ಆಗಿದ್ದರೆ ಕೆಮ್ಮಿ ಏಳುತ್ತಿದ್ದೆ. ಆದರೆ ಆಕೆಯ ಗುಟ್ಟು ನನ್ನ ಮುಂದೆ ಬೂದಿಯಲ್ಲಿ ಬಿದ್ದಿತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೇಳಿದೆ. ಅಜ್ಜನ ಕೇರಿಯನ್ನೂ ಹೇಳಿದೆ, ದೀಕ್ಷೆಯನ್ನೂ ಹೇಳಿದೆ.

ಆಕೆಯ ಹುಬ್ಬು ಮೇಲೇರಿತು. “ನಿಮ್ಮಾಗ ತಿಂತಾರಲ್ರಿ?”

“ತಿನ್ನಾವ್ರು ತಿಂತಾರ. ನಮ್ಮವ್ವ ಬಿಟ್ಟಳು, ಅದಕ್ಕ ನಮ್ಮ ಮನ್ಯಾಗಿಲ್ಲ.”

“ನೋಡ್ರಿ,” ಎಂದಳು ತನ್ನಷ್ಟಕ್ಕೇ ಎಂಬಂತೆ, “ನೀವು ತಿನ್ನಬಹುದು, ತಿನ್ನಂಗಿಲ್ಲ. ನಮ್ಮವರು ತಿನಬಾರದು, ತಿನ್ನಸಾಕತ್ತೇನಿ.”

ಆಕೆ ಎದ್ದು ಬಿದ್ದ ತತ್ತಿಯನ್ನು ತೊಳೆದು ಗಂಡನಿಗೆ ಕೊಟ್ಟು, ಬಚ್ಚಲಿಗೆ ಹೋದಳು. ನಾನು ಪಡಸಾಲೆಯಲ್ಲಿ ಕುಳಿತೆ. ಎದ್ದು ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಒದ್ದೆ ತಲೆಗೆ ಸೆರಗು ಹೊದ್ದು ಬಂದವಳು ಒಲೆಗೆ ಹಂಚು ಇಟ್ಟು ರೊಟ್ಟಿ ಬಡಿದಳು, ಬಡಿಸಿದಳು. ಖರೆ ಹೇಳಬೇಕೆಂದರೆ ಅಂದೂ ನಾನು ಸಾರು ಮೂಸಿದೆ. ಮೂಗು ಮನಸ್ಸಿನ ಮಾತು ಕೇಳಲಿಲ್ಲ. ಉಂಡಾದ ಮೇಲೆ ನನ್ನ ಸಂಶಯ ಸಾರಿನಿಂದ ತಾಟಿಗೆ ಹೊರಳಿತು. ನಾನುಂಡ ತಾಟನ್ನು ಆಕೆ ಎಲ್ಲಿ ಇಡುತ್ತಾಳೆ? ಕೈ ಒರೆಸಿಕೊಳ್ಳುವ ನೆಪದಲ್ಲಿ ನಿಂತು ನೋಡಿದೆ. ಉಳಿದ ತಾಟುಗಳಿದ್ದ ಬುಟ್ಟಿಯಲ್ಲೇ ಅದನ್ನೂ ಹಾಕಿದಳು. ಬಳಿಕ ನನ್ನ ಕಡೆ ತಿರುಗಿ, “ನೋಡಿದ್ರಿ?” ಎಂದಳು. ನಾನು ಲೆನ್ಸಿನ ಪೆಟ್ಟಿಗೆ ಎತ್ತಿಕೊಂಡು ಹೊರಬಿದ್ದೆ.

ಮುಂದಿನ ವಾರ ಕಂಪೌಂಡರ್ ಕಿಂಡಿಯಿಂದ ಬಗ್ಗಿ, “ಏನಾರ ಕಂಡ್ರೇನ್ರಿ ಅಲ್ಲಿ?” ಎಂದ. ಊಟ ಚಲೋ ಐತಿ ಎಂದಷ್ಟೇ ಹೇಳಿದೆ. ಅವನು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಇವನೂ ಗುಟ್ಟಾಗಿ ತಿನ್ನುತ್ತಾನೆ ಎಂದು ಅಂದೇ ತೀರ್ಮಾನಿಸಿರಬೇಕು. ದವಾಖಾನೆಯಲ್ಲಿ ಕೆಲವರು ನನ್ನನ್ನು ಕಂಡು ಮುಸಿಮುಸಿ ನಗುತ್ತಿದ್ದುದು ಆಮೇಲಿನ ಮಾತು.

ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಹಿಂಬಾಗಿಲ ಆಚೆಯ ಕೆಮ್ಮು ನಿಂತಿತು. ಒಂದು ದಿನ ಪಡಸಾಲೆಯ ಬಾಗಿಲಲ್ಲಿ ತಲೆಗೆ ಬಿಳಿ ಪಟಕಾ ಸುತ್ತಿದ, ಎಲುಬು ಕಾಣುವ, ಉದ್ದನೆಯ ಮನುಷ್ಯ ಕುಳಿತಿದ್ದ. ಆಕೆಯ ಗಂಡನೆಂದು ತಿಳಿಯಿತು. ನನಗೆ ಸಂತೋಷವಾಗಿ ನಕ್ಕೆ. ಅವನು ನಗಲಿಲ್ಲ. ನಾನು ಉಣ್ಣುವಷ್ಟು ಹೊತ್ತೂ ನನ್ನ ತುತ್ತನ್ನೇ ನೋಡುತ್ತಿದ್ದ. ಆಕೆ ತುಪ್ಪ ಹಾಕಲು ಬಗ್ಗಿದಾಗ ಅವನ ದವಡೆ ಬಿಗಿಯಾಯಿತು. ಆ ತುಪ್ಪ ಹೆದರಿಕೆಯಿಂದ ಸುರುವಾಗಿ ರೂಢಿಯಾದದ್ದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಅದರ ಮುಂದಿನ ವಾರ ಅವನು ದವಾಖಾನೆಯ ಸಾಲಿನಲ್ಲಿ ನಿಂತಿದ್ದ. ಸರದಿ ಬಂದಾಗ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರ ಓದಿಸಿದೆ. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಸಣ್ಣ ಸಾಲಿನವರೆಗೆ ತಡೆಯಿಲ್ಲದೆ ಓದಿದ.

“ಯಜಮಾನ್ರ, ಕಣ್ಣು ನನ್ನಕಿಂತ ಚಲೋ ಅದಾವ. ಮತ್ತ ಯಾಕ ಬಂದ್ರಿ?”

“ನಿಮ್ಮನ್ನ ನೋಡಾಕ,” ಎಂದ ಅವನು, ಕುರ್ಚಿಯಿಂದ ಏಳದೆ. “ನಾ ಹಾಸಿಗಿ ಹಿಡದಾಗ ವಾರಾವಾರ ಒಬ್ಬಾಂವ ಬರತಿದ್ದ. ನಮ್ಮಾಕಿ ಅವಂಗಷ್ಟ ತುಪ್ಪ ಹಾಕತಿದ್ಲು. ಒಳಗ ಮಲಕೊಂಡ ನನ್ನ ಕಿವಿಗೆ ಅಷ್ಟಿಷ್ಟು ಬೀಳತಿತ್ತು. ನೀವು ಖರೇನ ಕಣ್ಣು ನೋಡಾವ್ರೋ, ಏನು ಬರೇ ಹಂಗ ಹೇಳಿದ್ರೋ, ನೋಡಬೇಕಿತ್ತು.”

ಸಾಲಿನಲ್ಲಿದ್ದವರು ಕಿವಿ ನಿಮಿರಿಸಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಧ್ವನಿ ತಗ್ಗಿಸಿ, ಆಕೆ ನನ್ನನ್ನು ತಪಾಸಣೆಯವನೆಂದು ಹೆದರಿದ್ದನ್ನು, ನಾನು ಆಕೆಯ ಸಾರು ಮೂಸಿದ್ದನ್ನು, ಹಿತ್ತಲಲ್ಲಿ ಆದದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದ.

“ತತ್ತಿ ಮಾತು ನಿಮಗ ಅವತ್ತಿನಿಂದ ಗೊತ್ತೈತಿ?”

“ಐತಿ.”

“ಮತ್ತ ಯಾರ ಮುಂದೂ ಆಡ್ಲಿಲ್ಲ?”

“ಇಲ್ಲ.”

ಪಟಕಾ ಮತ್ತೆ ಸುತ್ತಿಕೊಂಡು, “ಆತು ಹಂಗಾರ,” ಎಂದು ಎದ್ದ. ಬಾಗಿಲ ಹತ್ತಿರ ನಿಂತು, “ಇವತ್ತ ಪುಂಡಿಪಲ್ಯ ಮಾಡ್ಯಾಳ. ತಡಾ ಮಾಡಬ್ಯಾಡ್ರಿ, ಖಾಲಿ ಆಗತೈತಿ,” ಎಂದ.

ಎರಡು ಸಾವಿರನೇ ಇಸವಿಯ ಆಚೆ ಬೇರೆ ಕಡೆ ವರ್ಗವಾಗುವವರೆಗೂ ನಾನು ಅಲ್ಲೇ ಉಂಡೆ. ಆ ದಿನದಿಂದ ನನಗೆ ಬಡಿಸುತ್ತಿದ್ದುದು ಅವನೇ. ತುಪ್ಪವನ್ನೂ ಅವನೇ ಹಾಕುತ್ತಿದ್ದ, ಆಕೆಗಿಂತ ತುಸು ಕಡಿಮೆ. ಹಾಕಿ ಹೋಗುತ್ತಿರಲಿಲ್ಲ. ಎದುರಿಗೆ ಗೋಡೆಗೆ ಒರಗಿ ಕುಳಿತು, ತೊರಗಲ್ ಕಡೆಯ ತನ್ನ ಹೊಲದ ಸುದ್ದಿ ಹೇಳುತ್ತಾ, ನಾನು ಕೊನೆಯ ತುತ್ತು ಮುಗಿಸಿ ಚಪ್ಪಲಿ ಮೆಟ್ಟುವವರೆಗೂ ನನ್ನನ್ನು ನೋಡುತ್ತಿದ್ದ. ಒಳಗೆ ಆಕೆ ರೊಟ್ಟಿ ಬಡಿಯುತ್ತಾ ನಗುತ್ತಿದ್ದಳೆಂದು ನನಗೆ ಅನುಮಾನ.