ಸೌಂಡ್ ಹೋದ ಸಿನಿಮಾ

ನನ್ನ ಹೆಂಡತಿ ದೀಪಾವಳಿ ಮುಂದ ತೀರಿಕೊಂಡಳು. ಆಮೇಲೆ ಮಗ್ಗ ಬಿಟ್ಟು ನಾನು ಬೇರೆ ಕಡೆ ಹೋದದ್ದು ಬನಹಟ್ಟಿಯಲ್ಲಿ ತೋರಿಸಿದ ಒಂದು ಹಳೆಯ ಸಾಹಸದ ಸಿನಿಮಾಕ್ಕೇ ಮೊದಲು.

ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ತೆಗೆದದ್ದಂತೆ. ಸಿನಿಮಾ ತಂದವರು ಮೊದಲೇ ಕೈ ಮುಗಿದರು: "ಕೊನೆಯ ಭಾಗದ ಸೌಂಡ್ ಎಲ್ಲೂ ಸಿಕ್ಕಿಲ್ಲ. ದಯವಿಟ್ಟು ಸಹಿಸಿಕೊಳ್ಳಿ."

ಹಿಂದಿನಿಂದ ಯಾರೋ ಕೂಗಿದರು, "ನೇಕಾರ ಮಂದಿಗೆ ಸೌಂಡ್ ಯಾಕ ಬೇಕ್ರೀ?"

ಎಲ್ಲರೂ ನಕ್ಕರು. ಪವರ್‌ಲೂಮ್ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ನಾವು ತುಟಿ ನೋಡಿಯೇ ಮಾತು ತಿಳಿಯುತ್ತೇವೆ. ನನ್ನ ಪಕ್ಕದ ಮಗ್ಗ ಹೆಂಡತಿಯದು. ಅಡುಗೆ, ಜಗಳ, ಮಗಳ ಮದುವೆ, ಎಲ್ಲ ಹಾಗೇ ಮಾತಾಡಿದ್ದು. ಬೇರೆಯವರ ತುಟಿ ನನಗೆ ತಿಳಿಯದಿದ್ದರೆ ಆಕೆ ತಿಳಿದು ಹೇಳುತ್ತಿದ್ದಳು.

ಕೊನೆಗೆ ನಾಯಕ ಹಗ್ಗ ಹಿಡಿದು ಕಣಿವೆಯಲ್ಲಿ ಜೋತುಬಿದ್ದ. ಮೇಲೆ ನಿಂತ ನಾಯಕಿ ಏನೋ ಅಂದಳು. ಯಾರದೋ ಕತ್ತಿ ಅವಳ ತುಟಿಗೆ ಅಡ್ಡ ಬಂತು, ನನಗೆ ತಿಳಿಯಲಿಲ್ಲ. ರೂಢಿಯಂತೆ ಪಕ್ಕಕ್ಕೆ ತಿರುಗಿ ಬರೀ ತುಟಿ ಆಡಿಸಿದೆ: "ಏನಂದಳ ಆಕಿ?"

ಪಕ್ಕದಲ್ಲಿ ಇದ್ದವರು ಸಾವಳಗಿ ಕಡೆಯ ರೈತರೊಬ್ಬರು, ನನಗೆ ಗುರುತಿಲ್ಲ. ಗಾಬರಿಯಾದರು.

"ಯಾಕ್ರೀ ಯಜಮಾನ್ರ, ಬಾಯಿ ಹಂಗ್ಯಾಕ ಮಾಡಾಕತ್ತೀರಿ? ಸಿನಿಮಾದ ಜೋಡಿ ನಿಮ್ಮ ಸೌಂಡೂ ಹೋತೇನು?"

"ಹೌದ್ರಿ," ಅಂದೆ. ದನಿ ಏಳಲಿಲ್ಲ. "ದೀಪಾವಳಿ ಮುಂದ ಹೋತು."

ಅವರು ಪಾಪ, ನನ್ನ ಕೈ ಹಿಡಿದುಕೊಂಡರು. ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ. ಏಳುವಾಗ ಕಿವಿಯ ಹತ್ತಿರ ಬಂದು ಹೇಳಿದರು, ಜಮಖಂಡಿಯಲ್ಲಿ ಗಂಟಲಿನ ಡಾಕ್ಟರು ಒಬ್ಬರು ಭಾಳ ಛಲೋ ಅದಾರಂತೆ.