ಫೆರಿ ಬಂದರೆ ಒಂದು ಗಂಟು

1991ರಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು ನಾನು. ಯಾರ ಬಳಿಯೂ ಕೇಳಿ ಕಲಿತವನಲ್ಲ. ಇಂಟರ್‌ನೆಟ್ಟಿನಲ್ಲಿ ಯಾರೋ ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ನಕ್ಷೆ ನೋಡಿ, ಹೋದ ವರ್ಷ ಅರಸೀಕೆರೆಯ ನನ್ನ ಶೆಡ್ಡಿನಲ್ಲಿ ಕನ್ನಡಿ ತಟ್ಟೆಯ ಸೌರ ಒಲೆ ಮಾಡಿದೆ. ಸೂರ್ಯ ಸರಿದಂತೆ ಬಿಸಿಲು ಪಾತ್ರೆ ತಪ್ಪಿ ಅನ್ನ ಅರೆಬೆಂದೇ ಉಳಿಯುತ್ತಿತ್ತು. ತಟ್ಟೆ ತಿರುಗಿಸುವ ಮೋಟರು ಕೊಳ್ಳುವ ಶಕ್ತಿಯಿಲ್ಲ. ಗುಜರಿಗೆ ಹಾಕುವ ಮುಂಚೆ, ಅಂಥದೇ ಒಲೆ ಮಂಗಳೂರಿನ ಬೆಂಗ್ರೆಯಲ್ಲಿ ಚೆನ್ನಾಗಿ ನಡೆಯುತ್ತಿದೆಯೆಂದು ಕೇಳಿ, ಫೆರಿ ದೋಣಿಯಲ್ಲಿ ಹೊಳೆ ದಾಟಿ ಬಂದೆ.

ಮೀನು ಒಣಗಿಸುವ ಗಿರಿಜಕ್ಕನ ಅಂಗಳದಲ್ಲಿ, ಆ ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು. ಮೋಟರಿಲ್ಲ. ತಟ್ಟೆಗೆ ಕಟ್ಟಿದ ಬಲೆಹಗ್ಗದ ತುಂಬ ಗಂಟುಗಳು. ಅಕ್ಕ ಹಗ್ಗ ಎಳೆದು ಮುಂದಿನ ಗಂಟನ್ನು ಗೂಟಕ್ಕೆ ಸಿಕ್ಕಿಸಿದರು. ತಟ್ಟೆ ಬೇಕಾದಷ್ಟೇ ತಿರುಗಿತು.

"ಯಾವಾಗ ಎಳೆಯೋದು, ಅಕ್ಕಾ?"

"ಫೆರಿ ಈಚೆ ಬಂದಾಗಲೆಲ್ಲ ಒಂದು ಗಂಟು."

"ನಮ್ಮ ಕಡೆ ಫೆರಿ ಇಲ್ಲವಲ್ಲ."

"ಬಸ್ಸು ಉಂಟಲ್ಲ?"

"ಅದನ್ನು ನಂಬಿದರೆ ಉಪವಾಸವೇ!"

ಅಕ್ಕ ನಕ್ಕು, ಇನ್ನೊಂದು ಹಗ್ಗಕ್ಕೆ ಗಂಟು ಹಾಕಿ ಕೊಟ್ಟರು. ನಾನು ಜೇಬಿಗೆ ಕೈ ಹಾಕಿದೆ.

"ನಕ್ಷೆಗೆ ಎಷ್ಟು ಕೊಟ್ಟದ್ದು ನೀವು?"

"ಏನೂ ಇಲ್ಲ."

"ಮತ್ತೆ ಗಂಟಿಗೆ ಎಂತಕ್ಕೆ ಮಾರಾಯ್ರೆ?"

ಕೈ ಮುಗಿದು ಬಂದೆ. ಫೆರಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಈಗ ನನ್ನದೆಂದು ಇರುವುದು ಒಂದು ಶೆಡ್ಡು, ಒಂದು ಒಲೆ, ಹದಿನೆಂಟು ಗಂಟಿನ ಒಂದು ಹಗ್ಗ.